ಇಪ್ಪತ್ನಾಲ್ಕಕ್ಕೆ ಇಟ್ಟು ಸುಮ್ಮನಿರಿ

ಚನ್ನರಾಯಪಟ್ಟಣದಲ್ಲಿ ಬಿಸಿಲು, ಹೊಳೆನರಸೀಪುರದಲ್ಲಿ ಮೋಡ, ಅರಕಲಗೂಡಿನಲ್ಲಿ ಮಳೆ, ಹಾಸನ ಮುಟ್ಟುವಾಗ ಥಂಡಿ. ಒಂದೇ ಮಧ್ಯಾಹ್ನಕ್ಕೆ ಇಷ್ಟೆಲ್ಲ ಹವೆ ಕಾಣುವ ಜಿಲ್ಲೆ ಇದು. ಕಾರಿನ ‘ಆಟೋ’ ಬಟನ್ ಹೇಳಿ ಮಾಡಿಸಿದ್ದು ಇಂಥ ದಾರಿಗೇ. ಆದರೆ ಅದರ ಪಾಡಿಗೆ ಅದನ್ನು ಕೆಲಸ ಮಾಡಲು ಬಿಡುವವರು ಯಾರು?

ಜೂನ್ ಮೊದಲ ವಾರ. ಚನ್ನರಾಯಪಟ್ಟಣದಲ್ಲಿ ಬೆಳಿಗ್ಗೆ ಹನ್ನೊಂದಕ್ಕೇ ಟಾರು ಕಾದಿದೆ. ಅರಕಲಗೂಡು ಕಡೆಯ ಬೀಗರೂಟಕ್ಕೆ ಹೊರಟ ಕಾರಿನಲ್ಲಿ ಐದು ಜನ, ಮಡಿಲಲ್ಲೊಂದು ಮಗು, ಡಿಕ್ಕಿಯಲ್ಲಿ ಬಾಳೆಗೊನೆ. ಮುಂದಿನ ಸೀಟು ದೊಡ್ಡಪ್ಪನದು. ಕೂತವರೇ ಗುಂಡಿ ಒತ್ತಿ ಒತ್ತಿ 24ನ್ನು 16ಕ್ಕೆ ಇಳಿಸಿದರು.

ಹೊಳೆನರಸೀಪುರ ಬರುವಷ್ಟರಲ್ಲಿ ಹಿಂದಿನ ಸೀಟಿನಿಂದ ದೂರು. “ಒಸಿ ಕಮ್ಮಿ ಮಾಡಿ, ಮಗೀಗೆ ಸೀತ ಆಯ್ತದೆ.” ದೊಡ್ಡಪ್ಪ ಫ್ಯಾನ್ ತಗ್ಗಿಸಿದರು. ಹೇಮಾವತಿ ಸೇತುವೆ ದಾಟಿ ಮೋಡ ಸರಿದು ಬಿಸಿಲು ಮುಖಕ್ಕೇ ಹೊಡೆದಾಗ, “ಏನ್ಲಾ ಇದು, ಗಾಳೀನೇ ಬರಾಕಿಲ್ವಲ್ಲ” ಎಂದು ಮತ್ತೆ ಏರಿಸಿದರು. ಅರಕಲಗೂಡಿನ ಹತ್ತಿರ ಮಳೆ ಹಿಡಿಯಿತು. ಮಳೆಯಲ್ಲಿ ಎ.ಸಿ. ಯಾಕೆ? ಪೂರ್ತಿ ಆಫ್. ಎರಡೇ ನಿಮಿಷಕ್ಕೆ ಮುಂದಿನ ಗ್ಲಾಸು ಬೆಳ್ಳಗಾಯಿತು. ಡ್ರೈವರ್‌ಗೆ ಒಂದು ಕೈಯಲ್ಲಿ ಸ್ಟಿಯರಿಂಗ್, ಇನ್ನೊಂದರಲ್ಲಿ ಒರೆಸುವ ಬಟ್ಟೆ.

ಇಷ್ಟು ಹೊತ್ತೂ ‘ಆಟೋ’ ಎಂದು ಬರೆದಿದ್ದ ಬಟನ್ ಕಣ್ಣೆದುರಿಗೇ ಇತ್ತು. ಅದೊಂದು ಸಿಗಲಿ ಎಂದು ಶೋರೂಮಿನಲ್ಲಿ ಮೇಲಿನ ಮಾಡೆಲ್‌ಗೆ ಹೆಚ್ಚಿನ ದುಡ್ಡು ಕೊಡಿಸಿದವರೂ ಇದೇ ದೊಡ್ಡಪ್ಪ.

ಡ್ಯಾಶ್‌ಬೋರ್ಡಿನ ಹಿಂದೆ ಏನಿದೆ

ಡ್ಯಾಶ್‌ಬೋರ್ಡ್ ಬಿಚ್ಚಿದರೆ ಒಂದು ದೊಡ್ಡ ಪ್ಲಾಸ್ಟಿಕ್ ಪೆಟ್ಟಿಗೆ ಕಾಣುತ್ತದೆ. ಅದರೊಳಗೆ ಎರಡು ಚಿಕ್ಕ ರೇಡಿಯೇಟರ್‌ಗಳು. ಒಂದು ತಣ್ಣಗಿನದು, ಮೆಕ್ಯಾನಿಕ್‌ಗಳು ಕೂಲಿಂಗ್ ಕಾಯಿಲ್ ಎನ್ನುತ್ತಾರೆ. ಇನ್ನೊಂದು ಬಿಸಿಯದು, ಎಂಜಿನ್ನಿನಲ್ಲಿ ಓಡಾಡಿ ತೊಂಬತ್ತು ಡಿಗ್ರಿಯ ಆಸುಪಾಸಿಗೆ ಕಾದ ಕೂಲಂಟ್ ಅದರಲ್ಲಿ ಹರಿಯುತ್ತದೆ.

ತಣ್ಣಗಿನದರ ಕಥೆ ಫ್ರಿಜ್ಜಿನದೇ. ಕಂಪ್ರೆಸರ್ ಗ್ಯಾಸನ್ನು ಒತ್ತುತ್ತದೆ, ಕಾರಿನ ಮೂತಿಯಲ್ಲಿರುವ ಕಂಡೆನ್ಸರ್ ಅದರ ಬಿಸಿಯನ್ನು ಹೊರಗಿನ ಗಾಳಿಗೆ ಬಿಟ್ಟು ದ್ರವ ಮಾಡುತ್ತದೆ. ಆ ದ್ರವ ಸಣ್ಣ ಕಂಡಿಯಿಂದ ನುಗ್ಗಿ ಕೂಲಿಂಗ್ ಕಾಯಿಲ್‌ನಲ್ಲಿ ಕುದ್ದು ಮತ್ತೆ ಗ್ಯಾಸಾಗುತ್ತದೆ. ಕುದಿಯಲು ಬೇಕಾದ ಶಾಖವನ್ನು ನಮ್ಮ ಕಾರಿನ ಗಾಳಿಯಿಂದ ಕಿತ್ತುಕೊಳ್ಳುತ್ತದೆ. ನಮ್ಮ ಹೆಚ್ಚಿನ ಕಾರುಗಳಲ್ಲಿರುವ ಆರ್-134ಎ ಗ್ಯಾಸ್ ಸಾಮಾನ್ಯ ಒತ್ತಡದಲ್ಲಿ ಮೈನಸ್ 26 ಡಿಗ್ರಿಗೇ ಕುದಿಯುತ್ತದೆ.

ಹೆಚ್ಚಿನ ಜನಕ್ಕೆ ಗೊತ್ತಿಲ್ಲದ್ದು ಮುಂದಿನ ಸಂಗತಿ. ಕೂಲಿಂಗ್ ಕಾಯಿಲ್ ದಾಟಿ ಬಂದ ಗಾಳಿ ನೇರ ನಮ್ಮ ಮುಖಕ್ಕೆ ಬರಲೇಬೇಕೆಂದಿಲ್ಲ. ನಡುವೆ ಒಂದು ಬಾಗಿಲಿದೆ. ಆ ಬಾಗಿಲು ಗಾಳಿಯ ಒಂದು ಪಾಲನ್ನು ಬಿಸಿ ರೇಡಿಯೇಟರ್ ಕಡೆಗೆ ತಿರುಗಿಸಿ, ಕಾಯಿಸಿ, ತಣ್ಣನೆಯ ಪಾಲಿನ ಜೊತೆ ಬೆರೆಸುತ್ತದೆ. 12 ಡಿಗ್ರಿ ಗಾಳಿ ಬೇಕೇ, 18 ಬೇಕೇ, 30 ಬೇಕೇ ಎನ್ನುವುದೆಲ್ಲ ಆ ಬಾಗಿಲು ಎಷ್ಟು ವಾಲಿದೆ ಎನ್ನುವುದರ ಮೇಲೆ. ಹಳೇ ಕಾರುಗಳಲ್ಲಿ ನೀಲಿ-ಕೆಂಪು ಬಣ್ಣದ ನಾಬ್ ತಿರುಗಿಸಿದಾಗ ಈ ಬಾಗಿಲನ್ನು ಒಂದು ತಂತಿ ಎಳೆಯುತ್ತಿತ್ತು. ‘ಆಟೋ’ ಇರುವ ಕಾರಿನಲ್ಲಿ ಕೈಬೆರಳಿನಷ್ಟಿರುವ ಮೋಟಾರ್ ತಿರುಗಿಸುತ್ತದೆ. ಗಾಳಿ ಮುಖಕ್ಕೋ ಕಾಲಿಗೋ ಗ್ಲಾಸಿಗೋ ಎಂದು ತೀರ್ಮಾನಿಸಲು ಒಂದೆರಡು ಬಾಗಿಲು, ಹೊರಗಿನ ಗಾಳಿಯೋ ಒಳಗಿನದೋ ಎನ್ನಲು ಮತ್ತೊಂದು.

ಯಂತ್ರವೆಂದರೆ ಇಷ್ಟೇ. ಮಿಕ್ಕಿದ್ದು ಲೆಕ್ಕ.

ದೇವರು ಕೂತ ಜಾಗದಲ್ಲಿ ಸೆನ್ಸರ್

ಲೆಕ್ಕ ಹಾಕಲು ಮಾಹಿತಿ ಬೇಕು. ಅದಕ್ಕೆ ಕಾರಿನ ತುಂಬ ಚಿಕ್ಕಚಿಕ್ಕ ಸೆನ್ಸರ್‌ಗಳಿವೆ. ತಾಪ ಅಳೆಯುವ ಸೆನ್ಸರ್‌ಗಳಲ್ಲಿ ಬಹುಪಾಲು ಥರ್ಮಿಸ್ಟರ್‌ಗಳು: ಬಿಸಿ ಏರಿದಂತೆ ವಿದ್ಯುತ್ತಿಗೆ ಒಡ್ಡುವ ತಡೆ ಇಳಿಯುವ ಪುಟ್ಟ ಮಣಿ.

ಮೊದಲನೆಯದು ಮುಂದಿನ ಬಂಪರ್ ಹಿಂದೆ. ಹೊರಗಿನ ತಾಪ ಹೇಳುವುದು ಇದರ ಕೆಲಸ. ಶಾಂತಿಗ್ರಾಮದ ಟೋಲ್‌ನಲ್ಲಿ ಸಾಲು ನಿಂತರೆ ಎಂಜಿನ್ನಿನ ಬಿಸಿ ಬಡಿದು ಇದು ಇಲ್ಲದ ಉರಿಯನ್ನು ವರದಿ ಮಾಡಬಹುದು. ಆದ್ದರಿಂದ ಕಾರು ನಿಂತಿದ್ದಾಗ ಈ ಸೆನ್ಸರ್ ಏರುಮುಖವಾಗಿ ಏನು ಹೇಳಿದರೂ ಕಂಪ್ಯೂಟರ್ ಚಟ್ಟನೆ ನಂಬುವುದಿಲ್ಲ. ಗಾಡಿ ಓಡಿ ಗಾಳಿ ಬಡಿದ ಮೇಲೆ ನಂಬುತ್ತದೆ.

ಎರಡನೆಯದು ಸ್ಟಿಯರಿಂಗ್ ಪಕ್ಕದಲ್ಲಿ, ಬಟಾಣಿ ಕಾಳಿನಗಲದ ಜಾಲರಿಯ ಹಿಂದೆ. ಒಳಗಿನ ಗಾಳಿಯ ತಾಪ ನೋಡುತ್ತದೆ. ಸುಮ್ಮನೆ ಕೂತರೆ ಕಾದ ಪ್ಲಾಸ್ಟಿಕ್ಕಿನ ತಾಪವನ್ನೇ ಓದೀತು ಎಂದು ಅನೇಕ ಕಾರುಗಳಲ್ಲಿ ಒಂದು ಸಣ್ಣ ಪೈಪು ಒಳಗಾಳಿಯನ್ನು ಅದರ ಮೈಮೇಲೆ ಸದಾ ಎಳೆಯುತ್ತಿರುತ್ತದೆ. ಆ ಜಾಲರಿಗೆ ಧೂಳು ಕಟ್ಟಿದರೆ ಮುಗಿಯಿತು. ಕಾರು ತಂಪಾಗಿದ್ದರೂ ಸೆನ್ಸರ್ ಬಿಸಿ ಎನ್ನುತ್ತದೆ, ಎ.ಸಿ. ಸುಮ್ಮನೆ ಹೊಡೆಯುತ್ತಲೇ ಇರುತ್ತದೆ.

ಮೂರನೆಯದು ಕೂಲಿಂಗ್ ಕಾಯಿಲ್ ಮೇಲೆ. ಕಾಯಿಲ್ ಸೊನ್ನೆಗಿಂತ ಕೆಳಗಿಳಿದರೆ ಅದರ ಮೇಲಿನ ನೀರು ಮಂಜುಗಡ್ಡೆಯಾಗಿ ಗಾಳಿಯ ದಾರಿಯೇ ಕಟ್ಟಿಹೋಗುತ್ತದೆ. ಅದಕ್ಕೇ ಸೊನ್ನೆಗೆ ಒಂದೆರಡು ಡಿಗ್ರಿ ಮೇಲಿರುವಾಗಲೇ ಈ ಸೆನ್ಸರ್ ಕಂಪ್ರೆಸರ್ ನಿಲ್ಲಿಸುತ್ತದೆ ಇಲ್ಲವೇ ತಗ್ಗಿಸುತ್ತದೆ.

ನನಗೆ ಬಹಳ ಇಷ್ಟವಾದದ್ದು ನಾಲ್ಕನೆಯದು: ಡ್ಯಾಶ್‌ಬೋರ್ಡಿನ ಮೇಲೆ, ಗ್ಲಾಸಿನ ಬುಡದಲ್ಲಿ ಕಪ್ಪು ಗುಬುಟಿನ ಹಾಗೆ ಕೂತಿರುವ ಬಿಸಿಲಿನ ಸೆನ್ಸರ್. ಇದು ತಾಪ ಅಳೆಯುವುದಿಲ್ಲ, ಬೆಳಕು ಅಳೆಯುತ್ತದೆ. ಸಂಜೆ ನಾಲ್ಕಕ್ಕೆ ಚನ್ನರಾಯಪಟ್ಟಣದಿಂದ ಹಾಸನಕ್ಕೆ ಹೊರಟರೆ ದಾರಿ ಪಶ್ಚಿಮಕ್ಕೆ, ಸೂರ್ಯ ನೇರ ಎದುರಿಗೆ. ಒಳಗಿನ ಗಾಳಿ 24 ಡಿಗ್ರಿಯೇ ಇರಬಹುದು, ಆದರೆ ಮುಂದೆ ಕೂತವರ ಎದೆ ಮುಖ ಸುಡುತ್ತಿರುತ್ತದೆ. ತಾಪದ ಸೆನ್ಸರ್‌ಗೆ ಇದು ತಿಳಿಯುವುದಿಲ್ಲ, ಬೆಳಕಿನ ಸೆನ್ಸರ್‌ಗೆ ತಿಳಿಯುತ್ತದೆ. ಗಾಳಿ ಬಿಸಿಯಾಗುವುದನ್ನು ಕಾಯದೆ ಕಾರು ಮೊದಲೇ ಬ್ಲೋವರ್ ಏರಿಸುತ್ತದೆ. ದುಬಾರಿ ಕಾರುಗಳಲ್ಲಿ ಬಿಸಿಲು ಎಡಕ್ಕೋ ಬಲಕ್ಕೋ ಎಂದು ನೋಡಿ ಆ ಬದಿಗಷ್ಟೇ ಹೆಚ್ಚು ತಂಪು ಕೊಡುವ ಏರ್ಪಾಡೂ ಇದೆ.

ನಮ್ಮಲ್ಲಿ ಆ ಗುಬುಟಿನ ಪಾಡು ನೋಡಬೇಕು. ಡ್ಯಾಶ್‌ಬೋರ್ಡಿನ ಮೇಲೆ ಗಣಪತಿ, ಪಕ್ಕದಲ್ಲಿ ಮಂಜುನಾಥಸ್ವಾಮಿ, ಮುಂದೆ ಮಲ್ಲಿಗೆ ಹಾರ, ಬಿಸಿಲು ಬೀಳದಿರಲೆಂದು ಒಂದು ಟವೆಲ್ಲು, ಅದರ ಮೇಲೆ ಟೋಲ್ ಚೀಟಿ. ಇವುಗಳ ಅಡಿಯಲ್ಲಿ ಕೂತ ಸೆನ್ಸರ್‌ಗೆ ಮಟಮಟ ಮಧ್ಯಾಹ್ನವೂ ರಾತ್ರಿಯೇ. ಕತ್ತಲಾಗಿದೆಯಲ್ಲ ಎಂದು ಎ.ಸಿ. ತಗ್ಗುತ್ತದೆ. ಹೆಡ್‌ಲೈಟಿಗೂ ಅದೇ ಸೆನ್ಸರ್ ಇದ್ದರೆ ಹಗಲಲ್ಲೇ ದೀಪ ಹೊತ್ತಿಕೊಳ್ಳುತ್ತದೆ. ಮಾಲೀಕರು ‘ಕೂಲಿಂಗೇ ಇಲ್ಲ’ ಎಂದು ಗ್ಯಾಸ್ ತುಂಬಿಸಲು ಹೋಗುತ್ತಾರೆ. ಇನ್ನೊಂದು ತಮಾಷೆ: ಕತ್ತಲೆ ಶೆಡ್ಡಿನೊಳಗೆ ಪರೀಕ್ಷೆ ಮಾಡಿದರೆ ಕೆಲವು ಕಾರುಗಳ ಕಂಪ್ಯೂಟರ್, ಚೆನ್ನಾಗಿರುವ ಬಿಸಿಲಿನ ಸೆನ್ಸರನ್ನೂ ಕೆಟ್ಟಿದೆ ಎಂದೇ ತೋರಿಸುತ್ತದೆ. ಒಳ್ಳೆಯ ಮೆಕ್ಯಾನಿಕ್ ಗಾಡಿಯನ್ನು ಬಿಸಿಲಿಗೆ ತಂದೋ ಅದರ ಮೇಲೆ ಬಲ್ಬ್ ಹಿಡಿದೋ ನೋಡುತ್ತಾನೆ.

> ಬೆಲ್ಟು ಬಿಚ್ಚಿ ಎ.ಸಿ. ಆಫ್!
>
> ಕಾರ್ಖಾನೆಯಲ್ಲೇ ಎ.ಸಿ. ಕೂರಿಸಿದ ಮೊದಲ ಕಾರು ಅಮೆರಿಕದ ಪ್ಯಾಕಾರ್ಡ್. 1939ರಲ್ಲಿ ತೋರಿಸಿ, 1940ರ ಮಾಡೆಲ್ ಎಂದು ಮಾರಿದರು. ಯಂತ್ರ ಡಿಕ್ಕಿಯ ಅರ್ಧ ಜಾಗ ತಿನ್ನುತ್ತಿತ್ತು. ಕಂಪ್ರೆಸರ್‌ಗೆ ಕ್ಲಚ್ ಇರಲಿಲ್ಲವಾದ್ದರಿಂದ ಅದನ್ನು ನಿಲ್ಲಿಸಬೇಕಾದರೆ ಎಂಜಿನ್ ಆಫ್ ಮಾಡಿ, ಬಾನೆಟ್ ಎತ್ತಿ, ಬೆಲ್ಟ್ ಕಳಚಬೇಕಿತ್ತು.
>
> ಬೇಕಾದ ತಾಪ ಹೇಳಿ ಸುಮ್ಮನೆ ಕೂರುವ ಸುಖ 1964ರ ಕ್ಯಾಡಿಲಾಕ್‌ನಿಂದ. ‘ಕಂಫರ್ಟ್ ಕಂಟ್ರೋಲ್’ ಎಂದು ಹೆಸರು. ಆಗಲೂ ನಂಬಿದ್ದು ಥರ್ಮಿಸ್ಟರ್‌ಗಳನ್ನೇ.
>
> ನಮ್ಮಲ್ಲಿ ಚಿಕ್ಕ ಕಾರಿಗೂ ಇದು ಬಂತೆಂದು ಜನ ಬೆರಗಾದದ್ದು 2005ರ ಸ್ವಿಫ್ಟ್‌ನ ಮೇಲ್ದರ್ಜೆಯ ಮಾಡೆಲ್‌ನಲ್ಲಿ. ಅದಕ್ಕೂ ಹಿಂದಿನ ಅಂಬಾಸಿಡರ್ ಕಾಲದಲ್ಲಿ ಮುಂದಿನ ಬಾಗಿಲ ತ್ರಿಕೋನದ ಗಾಜು ತಿರುಗಿಸಿ ಗಾಳಿಯನ್ನು ಎದೆಗೆ ಹೊಡೆಸಿಕೊಂಡವರಿಗೆ ಈ ಮಾತೇ ಬೇಡ.

ಹದಿನಾರಕ್ಕೆ ಇಟ್ಟರೆ ಬೇಗ ತಂಪಾಗುತ್ತದೆಯೇ?

ಇಲ್ಲ. ದೊಡ್ಡಪ್ಪನ ಮೊದಲ ನಂಬಿಕೆ ಇಲ್ಲೇ ಬೀಳುತ್ತದೆ.

ಕಾರಿನ ಕಂಪ್ಯೂಟರ್ ಮತ್ತೆ ಮತ್ತೆ ಹಾಕುವ ಲೆಕ್ಕ ಒಂದೇ: ಈಗ ಒಳಕ್ಕೆ ಬಿಡಬೇಕಾದ ಗಾಳಿ ಎಷ್ಟು ಡಿಗ್ರಿಯದಾಗಿರಬೇಕು? ನೀವು ಕೇಳಿದ ತಾಪದಿಂದ ಶುರು ಮಾಡುತ್ತದೆ. ಒಳಗೆ ಬಿಸಿಯಿದ್ದರೆ ಅದಕ್ಕಿಷ್ಟು ಕಳೆಯುತ್ತದೆ, ಹೊರಗೆ ಬಿಸಿಯಿದ್ದರೆ ಇನ್ನಷ್ಟು, ಬಿಸಿಲು ಬಿದ್ದಿದ್ದರೆ ಮತ್ತಷ್ಟು. ಬಂದ ಉತ್ತರಕ್ಕೆ ತಕ್ಕಂತೆ ಬಾಗಿಲು, ಬ್ಲೋವರ್, ಕಂಪ್ರೆಸರ್ ಮೂರಕ್ಕೂ ಆಜ್ಞೆ.

ಬಿಸಿಲಲ್ಲಿ ನಿಂತು ಒಳಗೆ 45 ಡಿಗ್ರಿ ಆಗಿರುವ ಕಾರಿಗೆ 24 ಎಂದು ಹೇಳಿ. ಉತ್ತರ ಸೊನ್ನೆಗಿಂತಲೂ ಕೆಳಗೆ ಬರಬಹುದು. ಅಷ್ಟು ತಣ್ಣನೆಯ ಗಾಳಿ ಯಂತ್ರದಿಂದ ಆಗದ ಮಾತು, ಆದ್ದರಿಂದ ಅದು ತನ್ನ ಕೈಲಾದದ್ದನ್ನೆಲ್ಲ ಮಾಡುತ್ತದೆ: ಬಿಸಿ ಬಾಗಿಲು ಪೂರ್ತಿ ಬಂದ್, ಬ್ಲೋವರ್ ಜೋರು, ಕಂಪ್ರೆಸರ್ ಪೂರ್ಣ. 16 ಎಂದರೂ ಮಾಡುವುದು ಇದನ್ನೇ. ವ್ಯತ್ಯಾಸ ಕಾಣುವುದು ಆಮೇಲೆ. 24ರವನ ಕಾರು 24ರ ಹತ್ತಿರ ಬಂದಾಗ ತಾನಾಗಿ ತಗ್ಗುತ್ತದೆ. 16ರವನ ಕಾರು ಹೊಡೆಯುತ್ತಲೇ ಇರುತ್ತದೆ, ಹಿಂದಿನ ಸೀಟಿನ ಮಗು ಸೀನುತ್ತದೆ, ಜಗಳ ಶುರುವಾಗುತ್ತದೆ. ಅನೇಕ ಕಾರುಗಳಲ್ಲಿ 16ಕ್ಕಿಂತ ಕೆಳಗಿಳಿಸಿದರೆ ‘ಲೋ’ ಎಂದು ತೋರಿಸುತ್ತದೆ. ಅಲ್ಲಿ ಲೆಕ್ಕವೇ ಇಲ್ಲ, ಬರೀ ತಂಪು. ಆಟೋಗೆ ಕೊಟ್ಟ ದುಡ್ಡು ದಂಡ.

24ರ ಅಂಕಿಯನ್ನು ನಾನು ಗಾಳಿಯಿಂದ ಹಿಡಿದದ್ದಲ್ಲ. ಮನೆಯ ಎ.ಸಿ.ಗಳು ಆನ್ ಆದಾಗ ತಾವಾಗಿ 24ರಲ್ಲೇ ಶುರುವಾಗಬೇಕೆಂದು 2020ರ ಜನವರಿಯಿಂದ ನಮ್ಮ ದೇಶದಲ್ಲಿ ನಿಯಮವಿದೆ. ಕಾರಿಗೆ ಅಂಥ ನಿಯಮವಿಲ್ಲ. ಹಿರಿಯರು ಮುಂದೆ ಕೂತಿದ್ದರೆ 25 ಮಾಡಿ, ಯಾರೂ ಬೇಡ ಎನ್ನುವುದಿಲ್ಲ.

ವಿಂಧ್ಯಗಿರಿಯ ಬುಡದಲ್ಲಿ ಮಧ್ಯಾಹ್ನ

ಆಟೋಗೂ ಒಂದು ಮಿತಿಯಿದೆ. ಏಪ್ರಿಲ್‌ನಲ್ಲಿ ಶ್ರವಣಬೆಳಗೊಳಕ್ಕೆ ಹೋದವರಿಗೆ ಅದು ಗೊತ್ತು. ಬರಿಗಾಲಲ್ಲಿ ಬಂಡೆ ಹತ್ತಿ, ಬಾಹುಬಲಿಯ ದರ್ಶನ ಮಾಡಿ, ಇಳಿದು ಬಂದು ಕಾರಿನ ಬಾಗಿಲು ತೆಗೆದರೆ ಒಲೆಯ ಬಾಯಿ ತೆಗೆದಂತೆ.

ಗ್ಲಾಸಿನಿಂದ ಒಳಬಂದ ಬಿಸಿಲನ್ನು ಸೀಟು, ಡ್ಯಾಶ್‌ಬೋರ್ಡು ಕುಡಿದು ಶಾಖವಾಗಿ ಹೊರಗೆ ಬಿಡುತ್ತವೆ. ಆ ಶಾಖ ಗ್ಲಾಸು ದಾಟಿ ಸುಲಭವಾಗಿ ಹೋಗುವುದಿಲ್ಲ. ಸ್ಟ್ಯಾನ್‌ಫೋರ್ಡ್ ವೈದ್ಯರು 2005ರಲ್ಲಿ ಪ್ರಕಟಿಸಿದ ಅಳತೆಗಳ ಪ್ರಕಾರ ಬಿಸಿಲಲ್ಲಿ ನಿಂತ ಕಾರಿನ ಒಳಗಿನ ತಾಪ ಒಂದು ಗಂಟೆಯಲ್ಲಿ ಸರಾಸರಿ 22 ಡಿಗ್ರಿ ಏರಿತು. ಅದರಲ್ಲಿ ಐದರಲ್ಲಿ ನಾಲ್ಕು ಪಾಲು ಏರಿದ್ದು ಮೊದಲ ಅರ್ಧ ಗಂಟೆಯಲ್ಲೇ. ಗ್ಲಾಸನ್ನು ಒಂದು ಬೆರಳಿನಷ್ಟು ಇಳಿಸಿಟ್ಟಿದ್ದರಿಂದ ಹೇಳಿಕೊಳ್ಳುವಂಥ ವ್ಯತ್ಯಾಸವಾಗಲಿಲ್ಲ. ಮಗುವನ್ನು ಕಾರಿನಲ್ಲಿ ಬಿಟ್ಟು ‘ಹಿಂಗ್ ಹೋಗಿ ಹಂಗ್ ಬತ್ತೀನಿ’ ಎನ್ನುವವರು ಈ ಎರಡು ಅಂಕಿ ನೆನಪಿಡಬೇಕು.

ಇಂಥ ಹೊತ್ತಲ್ಲಿ ಮೊದಲು ನಾಲ್ಕೂ ಗ್ಲಾಸು ಇಳಿಸಿ ಒಂದು ಫರ್ಲಾಂಗು ಓಡಿಸಿ. ಒಳಗಿನ ಕುದಿಗಾಳಿಗಿಂತ ಹೊರಗಿನ 35 ಡಿಗ್ರಿಯೇ ತಂಪು. ಆಮೇಲೆ ಗ್ಲಾಸು ಏರಿಸಿ, ಆಟೋ ಒತ್ತಿ, ಕೈ ತೆಗೆಯಿರಿ.

ಮಳೆಯಲ್ಲೇ ಎ.ಸಿ. ಬೇಕು

ಈಗ ಅರಕಲಗೂಡಿನ ಮಳೆಗೆ ಬರೋಣ. ನನ್ನ ಮಟ್ಟಿಗೆ ಆಟೋ ತನ್ನ ಬೆಲೆ ತೀರಿಸುವುದು ಬಿಸಿಲಲ್ಲಿ ಅಲ್ಲ, ಇಲ್ಲಿ.

ಸುಮ್ಮನೆ ಕೂತ ಮನುಷ್ಯನ ಉಸಿರು ಮತ್ತು ಚರ್ಮದಿಂದ ಗಂಟೆಗೆ ಸುಮಾರು 50 ಗ್ರಾಂ ನೀರು ಆವಿಯಾಗಿ ಗಾಳಿ ಸೇರುತ್ತದೆ. ಐದು ಜನರೆಂದರೆ ಕಾಲು ಲೀಟರು. ಒದ್ದೆ ಛತ್ರಿ, ನೆನೆದ ಸೆರಗು ಬೇರೆ. 30 ಡಿಗ್ರಿಯ ಒಂದು ಘನ ಮೀಟರ್ ಗಾಳಿ ಸುಮಾರು 30 ಗ್ರಾಂ ಆವಿಯನ್ನು ಹಿಡಿದುಕೊಳ್ಳಬಲ್ಲದು. 20 ಡಿಗ್ರಿಗೆ ಇಳಿದರೆ ಬರೀ 17 ಗ್ರಾಂ. ಮಳೆ ಬಡಿದು ತಣ್ಣಗಾದ ಗ್ಲಾಸಿಗೆ ತಾಗಿದ ಗಾಳಿ ಹಿಡಿಯಲಾರದ್ದನ್ನು ಅಲ್ಲೇ ಬಿಟ್ಟುಬಿಡುತ್ತದೆ. ಅದೇ ಆ ಬಿಳಿ ಪರದೆ.

ಕೂಲಿಂಗ್ ಕಾಯಿಲ್ ಗ್ಲಾಸಿಗಿಂತ ತಣ್ಣಗಿರುತ್ತದೆ. ಅದನ್ನು ದಾಟುವಾಗ ಗಾಳಿ ತನ್ನ ನೀರನ್ನು ಅಲ್ಲೇ ಸುರಿಸಿ, ಒಣಗಿ ಹೊರಬರುತ್ತದೆ. ಆ ಒಣ ಗಾಳಿಯನ್ನು ಬಿಸಿ ಬಾಗಿಲಿನಿಂದ ಸ್ವಲ್ಪ ಕಾಯಿಸಿ ಗ್ಲಾಸಿಗೆ ಬಿಟ್ಟರೆ ಮಬ್ಬು ಅರ್ಧ ನಿಮಿಷದಲ್ಲಿ ಮಾಯ. ಒಂದೇ ಹೊತ್ತಿಗೆ ಎ.ಸಿ.ಯೂ ಹೀಟರೂ ಕೆಲಸ ಮಾಡುವುದು ಹುಚ್ಚಾಟದಂತೆ ಕಾಣುತ್ತದೆ. ಮಳೆಯಲ್ಲಿ ಬೇಕಾದದ್ದು ಅದೇ. ಎ.ಸಿ. ಆಫ್ ಮಾಡಿ, ಒಳಗಾಳಿಯ ಬಟನ್ ಒತ್ತಿಕೊಂಡು ಕೂತರೆ ಬಟ್ಟೆಯಲ್ಲಿ ಒರೆಸುವುದೇ ಗತಿ. ಅದೇ ಬಟನ್ ಒತ್ತಿಕೊಂಡು ಐದು ಜನ ಗಂಟೆಗಟ್ಟಲೆ ಹೋದರೆ ಇಂಗಾಲದ ಡೈಆಕ್ಸೈಡ್ ಏರಿ ಡ್ರೈವರ್‌ಗೆ ತೂಕಡಿಕೆಯೂ ಬರಬಹುದು.

ಶಿರಾಡಿ ಘಾಟಿಯಲ್ಲಿ ಕಥೆ ತಿರುವುಮುರುವು. ಸಕಲೇಶಪುರದ ತಂಪಿನಿಂದ ಎ.ಸಿ. ಹಾಕಿಕೊಂಡು ಇಳಿದು ಗುಂಡ್ಯ ಸಮೀಪಿಸಿದಂತೆ ಕರಾವಳಿಯ ಬಿಸಿ, ಒದ್ದೆ ಗಾಳಿ ಎದುರಾಗುತ್ತದೆ. ಒಳಗಿಂದ ತಣ್ಣಗಾದ ಗ್ಲಾಸಿನ ಹೊರಮೈ ಮೇಲೆ ಮಬ್ಬು ಕೂರುತ್ತದೆ. ಒಳಗಡೆ ಎಷ್ಟು ಒರೆಸಿದರೂ ಹೋಗದು. ವೈಪರ್ ಒಂದು ಸುತ್ತು ಹೊಡೆಸಿ, ತಾಪ ಎರಡು ಡಿಗ್ರಿ ಏರಿಸಿದರೆ ಸರಿ. ಕನ್ನಡಿಯ ಹತ್ತಿರ ತೇವಾಂಶದ ಸೆನ್ಸರ್ ಇರುವ ಕಾರುಗಳು ಒಳಗಿನ ಮಬ್ಬನ್ನು ಕೂರುವ ಮೊದಲೇ ಊಹಿಸಿಕೊಳ್ಳುತ್ತವೆ.

> ಸಾಲಗಾಮೆ ರಸ್ತೆಯಿಂದ 36,000 ಕಿ.ಮೀ. ಮೇಲೆ
>
> ಹಾಸನದ ಸಾಲಗಾಮೆ ರಸ್ತೆಯಲ್ಲಿ ಇಸ್ರೋದ ಮುಖ್ಯ ನಿಯಂತ್ರಣ ಕೇಂದ್ರ 1982ರಿಂದ ಇದೆ. ಇಲ್ಲಿಂದ ನೋಡಿಕೊಳ್ಳುವ ಭೂಸ್ಥಿರ ಉಪಗ್ರಹಗಳಿಗೂ ಹವಾನಿಯಂತ್ರಣ ಬೇಕು. ಅಲ್ಲಿ ಗಾಳಿಯಿಲ್ಲ. ಬಿಸಿಲಿನ ಬದಿ ಕಾದರೆ ನೆರಳಿನ ಬದಿ ಕೊರೆಯುತ್ತದೆ. ಮಾರ್ಚ್ ಮತ್ತು ಸೆಪ್ಟೆಂಬರ್ ಆಸುಪಾಸಿನ ವಾರಗಳಲ್ಲಿ ಉಪಗ್ರಹ ದಿನಕ್ಕೆ ಗರಿಷ್ಠ 72 ನಿಮಿಷ ಭೂಮಿಯ ನೆರಳಿಗೆ ಸಿಕ್ಕಿಕೊಳ್ಳುತ್ತದೆ. ಆಗ ಬ್ಯಾಟರಿ, ಇಂಧನದ ಕೊಳವೆಗಳನ್ನು ಬೆಚ್ಚಗಿಡಲು ಹೀಟರ್‌ಗಳು ಬೇಕು. ಯಾವ ಭಾಗ ಎಷ್ಟು ಡಿಗ್ರಿಯಲ್ಲಿದೆ ಎಂದು ಕೆಳಗೆ ಹೇಳುವುದು ಅಲ್ಲಿಯೂ ಥರ್ಮಿಸ್ಟರೇ.

ರಾಮನಾಥಪುರದ ಬ್ಯಾರನ್‌ನಲ್ಲಿ

ಅರಕಲಗೂಡು ತಾಲ್ಲೂಕಿನವರಿಗೆ ಈ ವಿದ್ಯೆ ಹೊಸದೇನಲ್ಲ. ರಾಮನಾಥಪುರದಲ್ಲಿ ತಂಬಾಕು ಹರಾಜು ಮಾರುಕಟ್ಟೆ ಇದೆ, ಸುತ್ತಲಿನ ಹಳ್ಳಿಗಳಲ್ಲಿ ಹೊಗೆಸೊಪ್ಪು ಬೇಯಿಸುವ ಬ್ಯಾರನ್‌ಗಳಿವೆ. ಜುಲೈ ಹೊತ್ತಿಗೆ ಸೊಪ್ಪು ಮುರಿದು ಕೋಲಿಗೆ ಕಟ್ಟಿ ಬ್ಯಾರನ್ ತುಂಬಿದರೆ ಐದಾರು ದಿನ ರೈತನಿಗೆ ಸರಿಯಾದ ನಿದ್ದೆಯಿಲ್ಲ.

ಮೊದಲು ಮೂವತ್ತೈದರ ಆಸುಪಾಸಿನಲ್ಲಿ, ತೇವ ಹೋಗದಂತೆ ಇಟ್ಟು ಎಲೆಯನ್ನು ಹಳದಿಗೆ ತಿರುಗಿಸಬೇಕು. ಆಮೇಲೆ ಕಿಂಡಿ ತೆರೆದು ತೇವ ಬಿಡುತ್ತ, ಬಿಸಿ ಮೆಲ್ಲಗೆ ಏರಿಸಿ ಎಲೆ ಒಣಗಿಸಬೇಕು. ಕೊನೆಗೆ ದಂಟು ಒಣಗಲು ಎಪ್ಪತ್ತರ ಹತ್ತಿರ. ಆತುರಪಟ್ಟು ಬಿಸಿ ಏರಿಸಿದರೆ ಹಸಿರು ಉಳಿಯುತ್ತದೆ, ತೇವ ಬಿಡುವುದು ತಡವಾದರೆ ಎಲೆ ಕಪ್ಪಾಗುತ್ತದೆ, ಹರಾಜಿನಲ್ಲಿ ದರ ಬೀಳುತ್ತದೆ. ಥರ್ಮಾಮೀಟರ್ ನೋಡುವುದು, ಒಲೆಗೆ ಸೌದೆ ತಳ್ಳುವುದು ಅಥವಾ ಎಳೆಯುವುದು, ಕಿಂಡಿ ತೆರೆಯುವುದು ಮುಚ್ಚುವುದು, ಮತ್ತೆ ಥರ್ಮಾಮೀಟರ್ ನೋಡುವುದು. ಕಾರಿನ ಕಂಪ್ಯೂಟರ್ ಮಾಡುವುದೂ ಇದೇ ಸುತ್ತು. ರಾತ್ರಿ ಎರಡಕ್ಕೆ ಎದ್ದು ಕಿಂಡಿ ನೋಡುವ ಆ ರೈತನೇ ಕಾರಿನಲ್ಲಿ ಕೂತಾಗ 16 ಒತ್ತುವುದು ಯಾಕೋ ತಿಳಿಯದು.

ಗ್ಯಾಸ್ ಖರ್ಚಾಗುವ ವಸ್ತುವಲ್ಲ

‘ವರ್ಷಕ್ಕೊಂದ್ ಸಲ ಗ್ಯಾಸ್ ಹಾಕಿಸ್ಬೇಕು ಸಾರ್’ ಎನ್ನುವ ಮಾತು ಎಲ್ಲ ಊರಲ್ಲೂ ಕೇಳುತ್ತದೆ. ಚಿಕ್ಕ ಕಾರಿನಲ್ಲಿ ಅರ್ಧ ಕೆ.ಜಿ. ಆಸುಪಾಸು ಗ್ಯಾಸಿರುತ್ತದೆ. ಅದು ಮುಚ್ಚಿದ ಕೊಳವೆಯಲ್ಲಿ ಸುತ್ತುತ್ತದೆ, ಪೆಟ್ರೋಲಿನ ಹಾಗೆ ಉರಿದುಹೋಗುವುದಿಲ್ಲ. ಪ್ರತಿ ವರ್ಷ ಕಡಿಮೆಯಾಗುತ್ತಿದ್ದರೆ ಎಲ್ಲೋ ಸೋರುತ್ತಿದೆ. ಸೋರುವ ಜಾಗ ಹುಡುಕದೆ ತುಂಬಿಸಿದರೆ ದುಡ್ಡಿನ ಜೊತೆ ಗ್ಯಾಸೂ ಗಾಳಿಗೆ. ಆರ್-134ಎ ಓಝೋನ್ ಪದರಕ್ಕೆ ತೊಂದರೆ ಕೊಡುವುದಿಲ್ಲ, ಆದರೆ ಭೂಮಿ ಬಿಸಿ ಮಾಡುವುದರಲ್ಲಿ ಇಂಗಾಲದ ಡೈಆಕ್ಸೈಡ್‌ಗಿಂತ ಸಾವಿರಕ್ಕೂ ಹೆಚ್ಚು ಪಟ್ಟು ಜೋರು. ಯುರೋಪಿನ ಹೊಸ ಕಾರುಗಳು 2017ರಿಂದ ಅದನ್ನು ಬಿಟ್ಟಿವೆ.

ಮಣ್ಣಿನ ರಸ್ತೆಯ ಓಡಾಟವಿದ್ದರೆ ಗ್ಲೋವ್ ಬಾಕ್ಸ್ ಹಿಂದಿನ ಕ್ಯಾಬಿನ್ ಫಿಲ್ಟರ್ ತೆಗೆದು ನೋಡಿ. ಅರ್ಧದಷ್ಟು ‘ಕೂಲಿಂಗ್ ಇಲ್ಲ’ ದೂರುಗಳು ಅಲ್ಲೇ ಮುಗಿದರೆ ಆಶ್ಚರ್ಯವಿಲ್ಲ. ನಿಂತ ಕಾರಿನ ಅಡಿಯಲ್ಲಿ ನೀರು ತೊಟ್ಟಿಕ್ಕಿದರೆ ಗಾಬರಿ ಬೇಡ, ಕೂಲಿಂಗ್ ಕಾಯಿಲ್ ಹಿಂಡಿದ ನೀರದು. ಅದು ಹೊರಗೆ ಬೀಳದೆ ಎಡಗಡೆ ಸೀಟಿನ ಮ್ಯಾಟ್ ಒದ್ದೆಯಾದರೆ ನೀರಿನ ಪೈಪು ಕಟ್ಟಿದೆ ಎಂದರ್ಥ. ಡ್ಯಾಶ್‌ಬೋರ್ಡ್ ಹಿಂದೆ ಟಿಕ್ ಟಿಕ್ ಸದ್ದು ಬರುತ್ತಿದ್ದರೆ ಆ ಬಾಗಿಲು ತಿರುಗಿಸುವ ಮೋಟಾರಿನ ಪ್ಲಾಸ್ಟಿಕ್ ಹಲ್ಲು ಮುರಿದಿರಬಹುದು. ಬಿಡಿಭಾಗ ಅಗ್ಗ, ಬಿಚ್ಚಿ ಜೋಡಿಸುವ ಕೂಲಿ ದುಬಾರಿ.

ಎಲೆಕ್ಟ್ರಿಕ್ ಕಾರಿನಲ್ಲಿ ಬಿಸಿ ಎಂಜಿನ್ ಇಲ್ಲವಾದ್ದರಿಂದ ಬಿಸಿಗಾಳಿಗೂ ಬ್ಯಾಟರಿಯನ್ನೇ ಖರ್ಚು ಮಾಡಬೇಕು. ಬಿಸಿಲಲ್ಲಿ ಬ್ಯಾಟರಿಯನ್ನು ತಂಪಾಗಿಡಲೂ ಅನೇಕ ಕಾರುಗಳು ಅದೇ ಕಂಪ್ರೆಸರನ್ನು ದುಡಿಸುತ್ತವೆ.

ಇನ್ನು ಈ ದಾರಿಗಳಲ್ಲಿ ನಮಗಿಂತ ಹೆಚ್ಚು ಹೊತ್ತು ಕಳೆಯುವವರ ವಿಷಯ. ಎಂಜಿನ್ ಬಿಸಿಯ ಪಕ್ಕದಲ್ಲೇ ಕೂತು, ಬನಿಯನ್ನಿನಲ್ಲೇ ಶಿರಾಡಿ ಹತ್ತಿಳಿಯುವ ಲಾರಿ ಚಾಲಕರಿಗೆ ಎ.ಸಿ. ಎನ್ನುವುದೇ ಬೇರೆಯವರ ವಸ್ತುವಾಗಿತ್ತು. 2025ರ ಅಕ್ಟೋಬರ್ 1ರಿಂದ ತಯಾರಾಗುವ ಮಧ್ಯಮ ಮತ್ತು ಭಾರಿ ಲಾರಿಗಳ ಕ್ಯಾಬಿನ್ನಿಗೆ ಎ.ಸಿ. ಕಡ್ಡಾಯ. ಕೇಂದ್ರ ಸಾರಿಗೆ ಸಚಿವಾಲಯದ ಆ ನಿಯಮ ಎ.ಸಿ. ಇರಬೇಕು ಎನ್ನುತ್ತದೆ, ಆಟೋ ಇರಬೇಕು ಎನ್ನುವುದಿಲ್ಲ. ಹಳೆಯ ಲಾರಿಗಳಿಗೆ ನಿಯಮವೂ ಅನ್ವಯಿಸದು. ಅವು ಇನ್ನೂ ಎಷ್ಟೋ ವರ್ಷ ಕಿಟಕಿ ಇಳಿಸಿಕೊಂಡೇ ಬೆಂಗಳೂರು-ಮಂಗಳೂರು ರಸ್ತೆಯಲ್ಲಿ ಓಡುತ್ತವೆ.